ಕಟ್ಟುವವರ ಪ್ರಾಣರಕ್ಷಣೆ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)



ಮಹೋತ್ಸವದ ಕಾಲದಲ್ಲಿ ಒಂದು ಸಂಸ್ಥೆಯು ತಾನು ನಡೆದು ಬಂದ ದಾರಿಯನ್ನು ತಿರುಗಿ ನೋಡುವುದು ವಾಡಿಕೆಯಾಗಿದೆ. ಹಾಗೆ ನೋಡಿದಾಗ ಮೊದಲು ಕಣ್ಣಿಗೆ ಬೀಳುವವು ಕಟ್ಟಡಗಳು. ಚಪ್ಪರವಿದ್ದ ಎಡೆಯಲ್ಲಿ ಪ್ರಸಾದನಿಲಯವೆದ್ದಿತು. ಬಯಲಿದ್ದ ಎಡೆಯಲ್ಲಿ ಪಾಠಶಾಲೆಯಾಯಿತು. ಪಾಠಶಾಲೆಯ ಮೇಲೆ ಎರಡನೆಯ ಅಂತಸ್ತು ಏರಿತು. ಒಂದೊಂದರ ಬಾಗಿಲ ಬಳಿಯಲ್ಲಿಯೂ ಒಂದು ಕಲ್ಲುಂಟು. ಅಡಿಗಲ್ಲನ್ನಿಟ್ಟ ಪೂಜ್ಯರ ಹೆಸರು, ದಾನವಿತ್ತ ಭಕ್ತರ ಹೆಸರು, ಇಸವಿ, ಮಾಸ, ತಿಥಿ ಎಲ್ಲವೂ ಅದರಲ್ಲಿರುತ್ತವೆ. ಇವು ಇರತಕ್ಕವೇ. ಆದರೆ ಆ ಗೋಡೆಯನ್ನೆತ್ತಿದ ಗೌಂಡಿ ಯಾರು, ಆ ಚಾವಣಿಗೆ ತಲೆಯ ಮೇಲೆ ಕಾಂಕ್ರೀಟು ಹೊತ್ತ ಹೆಣ್ಣುಮಗಳು ಯಾರು, ಅವರೆಲ್ಲರೂ ಸಾಯಂಕಾಲ ಕ್ಷೇಮವಾಗಿ ತಮ್ಮ ಮಕ್ಕಳ ಬಳಿಗೆ ಮರಳಿದರೇ ಎಂಬುದನ್ನು ಆ ಕಲ್ಲು ಹೇಳುವುದಿಲ್ಲ. ಈ ಉಪನ್ಯಾಸದ ವಿಷಯವು ಆ ಕಡೆಯ ಪ್ರಶ್ನೆಯೇ ಆಗಿದೆ.

ಇದು ಎಂಜಿನಿಯರುಗಳ ಸಭೆಗೆ ತಕ್ಕ ವಿಷಯವೇ ಹೊರತು ಮಠದ ಸಭೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಇಂತಹ ಸಭೆಯಲ್ಲಿ ಮನೆ ಕಟ್ಟಿಸದವರೂ, ಮುಂದೆ ಕಟ್ಟಿಸಬೇಕೆಂದಿರದವರೂ ವಿರಳ. ಸಂಸ್ಥೆಗಳ ಆಡಳಿತ ಮಂಡಲಿಯಲ್ಲಿ ಕುಳಿತು ಅಂದಾಜುಪಟ್ಟಿಗೆ ರುಜು ಹಾಕುವವರು ಇಲ್ಲಿದ್ದಾರೆ, ಗುತ್ತಿಗೆ ಹಿಡಿಯುವವರಿದ್ದಾರೆ, ಕರಣೆಯನ್ನು ಹಿಡಿದೇ ಸಂಸಾರ ಸಾಗಿಸುವವರೂ ಇದ್ದಾರೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಕಟ್ಟೆಗಳನ್ನು ಕಟ್ಟಿಸುವುದನ್ನೇ ತಮ್ಮ ಯೋಗವೆಂದು ತಿಳಿದ ಮಹನೀಯರೆಂಬುದನ್ನು ಈ ಸಭೆಗೆ ಹೇಳಬೇಕಾದುದಿಲ್ಲ. ಕಾಯಕವು ಪೂಜ್ಯವೆಂದ ಸಮಾಜದಲ್ಲಿ ಕಾಯಕ ಮಾಡುವವನ ಪ್ರಾಣವು ಅಗ್ಗವಾಗಿದ್ದರೆ ಆ ಮಾತಿಗೆ ಅರ್ಥವೇನುಳಿಯಿತು? ಆದುದರಿಂದ ಈ ವಿಚಾರವನ್ನು ಮಾಡಲು ಮಠಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಕಟ್ಟಡದ ಮೇಲಿಂದ ಬಿದ್ದು ಒಬ್ಬನು ಮಡಿದನೆಂಬ ವಾರ್ತೆ ಬಂದಾಗ ಜನರ ಬಾಯಲ್ಲಿ ಮೂರು ಮಾತುಗಳು ಕೇಳಬರುತ್ತವೆ. ಅವನ ಹಣೆಯಲ್ಲಿ ಅಷ್ಟೇ ಬರೆದಿತ್ತೆಂಬುದು ಒಂದು. ಅವನೇ ಅಜಾಗರೂಕನು, ನೋಡಿ ಕಾಲಿಡಬಾರದಾಗಿತ್ತೇ ಎಂಬುದು ಎರಡನೆಯದು. ದೊಡ್ಡ ಕೆಲಸವೆಂದ ಮೇಲೆ ಇಂತಹದು ಒಂದೆರಡು ಆಗಿಯೇ ಆಗುತ್ತವೆಂಬುದು ಮೂರನೆಯದು. ಮೂರು ಮಾತಿಗೂ ಫಲ ಒಂದೇ. ಬದುಕಿರುವವರು ಮಾಡಬೇಕಾದುದು ಏನೂ ಉಳಿಯುವುದಿಲ್ಲ. ಮರುದಿನ ಅದೇ ಹಲಗೆಯ ಮೇಲೆ ಇನ್ನೊಬ್ಬನು ಹೋಗಿ ನಿಲ್ಲುತ್ತಾನೆ.

ಮೊದಲನೆಯ ಮಾತನ್ನು ಪರೀಕ್ಷಿಸೋಣವಾಗಲಿ. ಮನೆ ಕಟ್ಟಿಸಿದ ಯಜಮಾನನು ಮಾಳಿಗೆಯ ಸುತ್ತ ಮೂರಡಿಯ ಕೈಪಿಡಿಗೋಡೆಯನ್ನು ತಪ್ಪದೆ ಹಾಕಿಸುತ್ತಾನೆ. ಮೊಮ್ಮಕ್ಕಳು ಆಡುವ ಜಾಗ, ಬಿದ್ದಾರು ಎಂಬ ಭಯ. ಅಲ್ಲಿ ಅವನು ಹಣೆಬರಹವನ್ನು ನಂಬಿ ಕುಳಿತುಕೊಳ್ಳುವುದಿಲ್ಲ. ಆದರೆ ಅದೇ ಮಾಳಿಗೆ ಇನ್ನೂ ಕಟ್ಟಲ್ಪಡುತ್ತಿದ್ದಾಗ, ಅದೇ ಅಂಚಿನಲ್ಲಿ, ತಲೆಯ ಮೇಲೆ ಬಾಣಲಿ ಹೊತ್ತು ಹಿಂದುಮುಂದಾಗಿ ನಡೆಯುತ್ತಿದ್ದ ಆಳಿಗೆ ಒಂದು ಬಿದಿರಿನ ಅಡ್ಡಗಳುವೂ ಇರಲಿಲ್ಲ. ಅಂಚು ಒಂದೇ, ಎತ್ತರವೂ ಒಂದೇ. ಮೊಮ್ಮಗನಿಗೆ ಕಟಾಂಜನ, ಕೂಲಿಕಾರನಿಗೆ ಹಣೆಬರಹ ಎಂಬ ಈ ಭೇದವನ್ನು ಬ್ರಹ್ಮನು ಬರೆದುದಲ್ಲ. ಅಂದಾಜುಪಟ್ಟಿಯನ್ನು ಬರೆದವರು ಬರೆದುದು.

ಎರಡನೆಯ ಮಾತು ಅಜಾಗರೂಕತೆಯದು. ಗಣಿತಶಾಸ್ತ್ರವು ಇದಕ್ಕೆ ಉತ್ತರ ಕೊಡುತ್ತದೆ. ಎರಡು ಅಂತಸ್ತಿನಷ್ಟು, ಅಂದರೆ ಸುಮಾರು ೬ ಮೀಟರು ಎತ್ತರದಿಂದ ಬೀಳುವ ಮನುಷ್ಯನು ನೆಲವನ್ನು ಮುಟ್ಟಲು ತೆಗೆದುಕೊಳ್ಳುವ ಕಾಲವು ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು. ಆಗ ಅವನ ವೇಗವು ಗಂಟೆಗೆ ಸುಮಾರು ೩೯ ಕಿಲೋಮೀಟರು. ಕೇವಲ ೨ ಮೀಟರಿನಿಂದ ಬಿದ್ದರೂ ವೇಗವು ಗಂಟೆಗೆ ೨೨ ಕಿಲೋಮೀಟರಿಗೆ ಮುಟ್ಟುತ್ತದೆ; ತಲೆ ಮೊದಲು ತಗಲಿದರೆ ಪ್ರಾಣ ಹೋಗಲು ಅಷ್ಟೇ ಸಾಕು. ಕಾಲು ಜಾರಿದ ಮೇಲೆ ಯಾವ ಜಾಣನಿಗೂ ಜಾಗ್ರತೆ ವಹಿಸಲು ಅವಕಾಶವಿಲ್ಲ. ಇನ್ನು ಜಾರುವ ಮೊದಲಿನ ಮಾತು. ಗೌಂಡಿಯು ಹಲಗೆಯ ಮೇಲೆ ದಿನಕ್ಕೆ ಸಾವಿರ ಹೆಜ್ಜೆಯಿಡುತ್ತಾನೆಂದು ಎಣಿಸಿದರೆ, ಒಂಬೈನೂರ ತೊಂಬತ್ತೊಂಬತ್ತನ್ನು ಸರಿಯಾಗಿಟ್ಟು ಒಂದನ್ನು ತಪ್ಪಿದವನನ್ನು ಅಜಾಗರೂಕನೆನ್ನುವುದು ನ್ಯಾಯವೇ? ಬಿಸಿಲು, ಬಳಲಿಕೆ, ಹಸಿವು, ಮನೆಯ ಚಿಂತೆ ಇವು ಮನುಷ್ಯನಾದವನಿಗೆ ಇದ್ದೇ ಇರುತ್ತವೆ. ತಪ್ಪು ಹೆಜ್ಜೆ ಬೀಳುತ್ತದೆಂದು ಮೊದಲೇ ತಿಳಿದು, ಬಿದ್ದಾಗ ಪ್ರಾಣ ಹೋಗದಂತೆ ಏರ್ಪಾಡು ಮಾಡುವುದೇ ಬುದ್ಧಿವಂತಿಕೆ.

ಮೂರನೆಯ ಮಾತು, ದೊಡ್ಡ ಕೆಲಸಕ್ಕೆ ಕೆಲವು ಪ್ರಾಣಗಳ ಬಲಿ ಅನಿವಾರ್ಯವೆಂಬುದು. ಇದಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ.

ಅಮೆರಿಕ ದೇಶದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಳಿ, ಸಮುದ್ರದ ಮುಖದ ಮೇಲೆ ಗೋಲ್ಡನ್ ಗೇಟ್ ಎಂಬ ತೂಗುಸೇತುವೆಯನ್ನು ೧೯೩೩ರಿಂದ ೧೯೩೭ರ ವರೆಗೆ ಕಟ್ಟಲಾಯಿತು. ಆ ಕಾಲದ ಅಲ್ಲಿಯ ಕಟ್ಟಡದ ವೃತ್ತಿಯಲ್ಲಿ ಒಂದು ಕ್ರೂರವಾದ ಲೆಕ್ಕವು ರೂಢಿಯಲ್ಲಿತ್ತು: ಹತ್ತು ಲಕ್ಷ ಡಾಲರು ವೆಚ್ಚಕ್ಕೆ ಒಂದು ಪ್ರಾಣ. ಸೇತುವೆಯ ವೆಚ್ಚವು ಸುಮಾರು ಮೂರೂವರೆ ಕೋಟಿ ಡಾಲರು. ಅಂದರೆ ಮೂವತ್ತೈದು ಜನರ ಮರಣವು ಕೆಲಸ ಮೊದಲಾಗುವ ಮುನ್ನವೇ ಲೆಕ್ಕದ ಪುಸ್ತಕದಲ್ಲಿ ಸೇರಿದಂತೆಯೇ ಆಯಿತು. ಮುಖ್ಯ ಎಂಜಿನಿಯರನಾದ ಜೋಸೆಫ್ ಸ್ಟ್ರಾಸನು ಈ ಲೆಕ್ಕಕ್ಕೆ ಒಪ್ಪಲಿಲ್ಲ. ಕೆಲಸಗಾರರೆಲ್ಲರೂ ಗಟ್ಟಿಯಾದ ಶಿರಸ್ತ್ರಾಣವನ್ನು ಧರಿಸಬೇಕು, ಹಗ್ಗ ಕಟ್ಟಿಕೊಳ್ಳಬೇಕು ಎಂದು ನಿಯಮ ಮಾಡಿದನು. ಎತ್ತರದಲ್ಲಿ ಸಾಹಸ ತೋರಿಸಹೋದವರನ್ನು ಕೆಲಸದಿಂದ ತೆಗೆದುಹಾಕಿಸಿದನು. ಇಷ್ಟಕ್ಕೇ ನಿಲ್ಲದೆ, ೧ ಲಕ್ಷ ೩೦ ಸಾವಿರ ಡಾಲರನ್ನು ವೆಚ್ಚ ಮಾಡಿ ಸೇತುವೆಯ ಕೆಳಗೆ ಒಂದು ಬಲೆಯನ್ನು ಹರಡಿಸಿದನು. ಆ ಬಲೆಯು ಸೇತುವೆಯ ಎರಡು ಪಕ್ಕಗಳಲ್ಲಿಯೂ ಹತ್ತು ಹತ್ತು ಅಡಿ ಹೊರಕ್ಕೆ ಚಾಚಿತ್ತು.

ಹತ್ತೊಂಬತ್ತು ಜನರು ಸೇತುವೆಯ ಮೇಲಿಂದ ಬಿದ್ದು ಆ ಬಲೆಯಲ್ಲಿ ಸಿಕ್ಕಿ ಬದುಕಿದರು. ಕೆಲಸ ಮೊದಲಾದ ಮೇಲೆ ೧೯೩೬ರ ಅಕ್ಟೋಬರ ತಿಂಗಳ ವರೆಗೆ ಒಬ್ಬನೂ ಸಾಯಲಿಲ್ಲ. ಬಲೆಯ ವೆಚ್ಚವನ್ನು ಸೇತುವೆಯ ವೆಚ್ಚಕ್ಕೆ ಹೋಲಿಸಿ ನೋಡಿರಿ. ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ಅದು ನೂರು ರೂಪಾಯಿಗೆ ಆರಾಣೆಯಷ್ಟು. ಆ ಆರಾಣೆಯಲ್ಲಿ ಹತ್ತೊಂಬತ್ತು ಸಂಸಾರಗಳು ಉಳಿದವು.

ಈ ಕಥೆಯ ಉತ್ತರಾರ್ಧವನ್ನೂ ಮುಚ್ಚಿಡಬಾರದು. ೧೯೩೭ರ ಫೆಬ್ರುವರಿ ೧೭ನೆಯ ದಿನ, ಸೇತುವೆಯ ಅಡಿಯಲ್ಲಿ ತೂಗುಹಾಕಿದ್ದ ಭಾರವಾದ ಅಟ್ಟವು ಕಳಚಿ ಬಲೆಯ ಮೇಲೆ ಬಿದ್ದಿತು. ಮನುಷ್ಯನ ಭಾರವನ್ನು ತಡೆಯಬಲ್ಲ ಬಲೆಯು ಟನ್ನುಗಟ್ಟಲೆ ಭಾರವನ್ನು ತಡೆಯಲಾರದೆ ಹರಿಯಿತು. ಹತ್ತು ಜನರು ಮಡಿದರು. ಒಟ್ಟು ಮರಣಗಳು ಹನ್ನೊಂದು. ಇದರಿಂದ ಬಲೆಯು ವ್ಯರ್ಥವೆಂದು ತಿಳಿಯಬಾರದು. ಒಂದೇ ರಕ್ಷೆಯನ್ನು ನಂಬಿ ನಿಶ್ಚಿಂತರಾಗಬಾರದು, ಅಟ್ಟವನ್ನು ಹಿಡಿದಿರುವ ಕೊಂಡಿಯನ್ನೂ ಬಲೆಯಷ್ಟೇ ಶ್ರದ್ಧೆಯಿಂದ ನೋಡಬೇಕು ಎಂಬುದೇ ಇದರ ಪಾಠ.

ಮಹಾಶಯರೇ, ಸಲಕರಣೆಯಿಂದಾಗುವ ರಕ್ಷಣೆಯ ಮಾತು ಇದಾಯಿತು. ಸಲಕರಣೆಗಿಂತ ಮೊದಲಿನದು ಒಂದುಂಟು. ಅಪಾಯವನ್ನು ಕಂಡವನು ಕೆಲಸವನ್ನು ನಿಲ್ಲಿಸಬಲ್ಲನೇ ಎಂಬುದೇ ಅದು.

ಕ್ಯಾನಡಾ ದೇಶದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ಒಂದು ಮಹಾಸೇತುವೆಯನ್ನು ಕಟ್ಟುತ್ತಿದ್ದರು. ನಡುವಿನ ಅಂತರವನ್ನು ೧೬೦೦ ಅಡಿಗಳಿಂದ ೧೮೦೦ ಅಡಿಗಳಿಗೆ ಹೆಚ್ಚಿಸಿದ ಮೇಲೆ ಸೇತುವೆಯ ಸ್ವಂತ ಭಾರವನ್ನು ಸರಿಯಾಗಿ ಮರುಲೆಕ್ಕ ಮಾಡಲಿಲ್ಲ. ಸಲಹೆಗಾರ ಎಂಜಿನಿಯರನಾದ ಥಿಯೊಡೋರ್ ಕೂಪರನು ವೃದ್ಧನೂ ರೋಗಿಯೂ ಆಗಿ ದೂರದ ನ್ಯೂಯಾರ್ಕಿನಲ್ಲಿದ್ದನು. ೧೯೦೭ರ ಆಗಸ್ಟಿನಲ್ಲಿ ಕೆಳಗಿನ ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದವರು ಕಂಡರು. ತೊಲೆಗಳು ಕಾರಖಾನೆಯಿಂದ ಬರುವಾಗಲೇ ಬಾಗಿದ್ದವೆಂದು ಕೆಲವರು ವಾದಿಸಿದರು. ತರುಣ ಎಂಜಿನಿಯರನೊಬ್ಬನು ಈ ಸಂಗತಿಯನ್ನು ತಿಳಿಸಲು ನ್ಯೂಯಾರ್ಕಿಗೆ ಹೋದನು. ಕೂಪರನು ಅಪಾಯವನ್ನು ಅರಿತು, ಸೇತುವೆಯ ಮೇಲೆ ಇನ್ನು ಭಾರ ಹೇರಬಾರದೆಂದು ತಂತಿಯನ್ನು ಕಳುಹಿಸಿದನು. ಆದರೆ ಆ ತಂತಿಯು ಹೋದುದು ಕಂಪನಿಯ ಕಾರ್ಯಾಲಯಕ್ಕೆ. ಸೇತುವೆಯ ಮೇಲೆ ನಿಂತಿದ್ದವರಿಗೆ ಅದು ಮುಟ್ಟಲೇ ಇಲ್ಲ. ಆಗಸ್ಟ್ ೨೯ನೆಯ ದಿನ ಸಾಯಂಕಾಲ, ಆ ದಿನದ ಕೆಲಸ ಮುಗಿಯುವ ವೇಳೆಗೆ ಸರಿಯಾಗಿ, ಸೇತುವೆಯು ಕೆಲವೇ ಕ್ಷಣಗಳಲ್ಲಿ ನದಿಗೆ ಕುಸಿಯಿತು. ಮೇಲಿದ್ದ ೮೬ ಜನರಲ್ಲಿ ೭೫ ಜನರು ಮಡಿದರು. ಅವರಲ್ಲಿ ೩೩ ಜನರು ಕಾನವಾಗೆ ಎಂಬ ಒಂದೇ ಊರಿನ ಮೋಹಾಕ್ ಜನಾಂಗದವರು. ಒಂದೇ ಸಂಜೆಯಲ್ಲಿ ಆ ಊರಿನ ಎಷ್ಟು ಮನೆಗಳ ದೀಪ ಆರಿದವೆಂಬುದನ್ನು ಊಹಿಸಿಕೊಳ್ಳಬಹುದು.

ಅಲ್ಲಿ ಕೊರತೆಯಾದುದು ವಿದ್ಯೆಯೇ? ಒಂದು ಮಟ್ಟಿಗೆ ಹೌದು, ಲೆಕ್ಕವು ತಪ್ಪಿತ್ತು. ಆದರೆ ತಪ್ಪು ಕಣ್ಣಿಗೆ ಕಂಡ ಮೇಲೆಯೂ ದಿನಗಳು ಉಳಿದಿದ್ದವು. ಕೆಲಸವನ್ನು ನಿಲ್ಲಿಸಿ ಜನರನ್ನು ಕೆಳಗಿಳಿಸುವ ಅಧಿಕಾರವು ಸ್ಥಳದಲ್ಲಿ ನಿಂತಿದ್ದ ಒಬ್ಬನಿಗಿದ್ದು, ಅವನು ಅದನ್ನು ಧೈರ್ಯದಿಂದ ನಡೆಸಿದ್ದರೆ ಸೇತುವೆಯು ಬಿದ್ದರೂ ಜನರು ಉಳಿಯುತ್ತಿದ್ದರು. ಈ ನಾಡಿನ ಚಿಕ್ಕ ಕೆಲಸಗಳಲ್ಲಿಯೂ ಹೀಗೆಯೇ ನಡೆಯುತ್ತದೆ. ಸೆಂಟ್ರಿಂಗಿನ ಕಂಬವೊಂದು ಓಲಿದೆಯೆಂದು ಆಳು ಮೊದಲು ಕಾಣುತ್ತಾನೆ. ಮೇಸ್ತ್ರಿಗೆ ಹೇಳಿದರೆ ಬೈಗುಳ. ಮೇಸ್ತ್ರಿಯು ಗುತ್ತಿಗೆದಾರನಿಗೆ ಹೇಳಿದರೆ ದಿನ ಕೆಟ್ಟಿತೆಂಬ ಕೋಪ. ಗುತ್ತಿಗೆದಾರನು ಯಜಮಾನನಿಗೆ ಹೇಳಿದರೆ ಗೃಹಪ್ರವೇಶದ ಮುಹೂರ್ತದ ಮಾತು. ಕಂಡವನ ಮಾತು ಕೇಳಬೇಕಾದವನ ಕಿವಿಗೆ ಮುಟ್ಟುವುದರೊಳಗೆ ಕಂಬವು ಜಾರಿರುತ್ತದೆ.

ಕಾಂಕ್ರೀಟಿಗೂ ಮುಹೂರ್ತದ ಅವಸರಕ್ಕೂ ಸ್ನೇಹವಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ಪ್ರಾಂತದ ವಿಲೋ ಐಲಂಡ್ ಎಂಬಲ್ಲಿ, ವಿದ್ಯುತ್ ಸ್ಥಾವರಕ್ಕಾಗಿ ನೀರನ್ನು ತಣಿಸುವ ಕಾಂಕ್ರೀಟು ಗೋಪುರವನ್ನು ಕಟ್ಟುತ್ತಿದ್ದರು. ಅದರ ಸಾರವೆಯು ನೆಲದಿಂದೆದ್ದುದಲ್ಲ. ಗೋಪುರದ ಗೋಡೆಗೇ ಬಿಗಿಯಲ್ಪಟ್ಟುದು. ಹಿಂದಿನ ದಿನ ಸುರಿದ ಕಾಂಕ್ರೀಟೇ ಮರುದಿನ ಸಾರವೆಯನ್ನೂ ಅದರ ಮೇಲಿನ ಜನರನ್ನೂ ಹೊರಬೇಕಾಗಿತ್ತು. ೧೯೭೮ರ ಏಪ್ರಿಲ್ ೨೭ರಂದು ಹಿಂದಿನ ದಿನದ ಕಾಂಕ್ರೀಟು ಸಾಕಷ್ಟು ಗಟ್ಟಿಯಾಗುವ ಮೊದಲೇ ಹೊಸ ಭಾರವನ್ನು ಅದರ ಮೇಲೆ ಹೇರಿದರು. ಗೋಪುರದ ತಲೆ ಕಳಚಿತು. ಸಾರವೆಯು ಸುತ್ತಲೂ ಕಿತ್ತುಕೊಂಡು ಬಿದ್ದಿತು. ಅದರ ಮೇಲಿದ್ದ ೫೧ ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಕಾಂಕ್ರೀಟಿಗೆ ಬೇಕಾದ ಬಲವು ಬಂದಿದೆಯೇ ಎಂದು ಪರೀಕ್ಷಿಸಿ, ಬರುವ ವರೆಗೆ ಕಾದಿದ್ದರೆ ಅಂದಿನ ದುರಂತವು ತಪ್ಪುತ್ತಿದ್ದಿತು.

ಕನ್ನಡ ನಾಡಿನಲ್ಲಿಯೂ ಇಂತಹ ದಿನಗಳು ಬಂದಿವೆ. ಬೆಂಗಳೂರಿನಲ್ಲಿ ಕಟ್ಟಲ್ಪಡುತ್ತಿದ್ದ ಗಂಗಾರಾಂ ಕಟ್ಟಡವು ೧೯೮೩ರ ಸೆಪ್ಟೆಂಬರಿನಲ್ಲಿ ಕುಸಿದು ನೂರಕ್ಕೂ ಮೀರಿದ ಜನರು ಮಡಿದರು. ೨೦೧೯ರ ಮಾರ್ಚ್ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಕೆಳಗೆ ಅಂಗಡಿಗಳು ನಡೆಯುತ್ತಿದ್ದು ಮೇಲೆ ಇನ್ನೂ ಕಟ್ಟುವ ಕೆಲಸ ಸಾಗಿದ್ದ ಕಟ್ಟಡವು ಕುಸಿದು ೧೯ ಜನರು ಪ್ರಾಣ ನೀಗಿದರು. ವಿದ್ಯೆಗೆ ಹೆಸರಾದ ಆ ಊರಿನಲ್ಲಿ ದಿನಗಟ್ಟಲೆ ಮಣ್ಣಿನ ರಾಶಿಯ ಮುಂದೆ ಕುಳಿತು ತಮ್ಮವರ ದಾರಿ ಕಾದ ಜನರನ್ನು ಕಂಡವರು ಅದನ್ನು ಮರೆಯಲಾರರು. ಇಂತಹ ಮಹಾದುರಂತಗಳು ವಾರ್ತಾಪತ್ರಿಕೆಯಲ್ಲಿ ಬರುತ್ತವೆ. ಆದರೆ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಬಿದ್ದು ಸಾಯುವವರ ಸುದ್ದಿಯು ಒಂದು ಮೂಲೆಯ ಎರಡು ಸಾಲಿಗೆ ಮುಗಿಯುತ್ತದೆ. ಎಷ್ಟೋ ಸಲ ಅಷ್ಟೂ ಇಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಮಳೆಯಿಲ್ಲದ ವರ್ಷ ದೊಡ್ಡ ಊರಿಗೆ ದುಡಿಯಲು ಹೋದವರಲ್ಲಿ ಒಬ್ಬನ ಶವವು ಊರಿಗೆ ಮರಳಿದಾಗ, ಆ ಓಣಿಗೆ ಮಾತ್ರ ಅದು ಮಹಾದುರಂತವಾಗಿರುತ್ತದೆ.

ಹಾಗಾದರೆ ಮಾಡತಕ್ಕುದೇನು? ಕಟ್ಟಡದ ಕೆಲಸದಲ್ಲಿ ಪ್ರಾಣ ಹೋಗುವ ದಾರಿಗಳು ಅಸಂಖ್ಯಾತವಲ್ಲ. ಮುಖ್ಯವಾದವು ಐದು.

ಮೊದಲನೆಯದು ಎತ್ತರದಿಂದ ಬೀಳುವುದು. ಬಹು ದೇಶಗಳಲ್ಲಿ ಕಟ್ಟಡದ ಕೆಲಸದ ಮರಣಗಳಿಗೆ ಇದೇ ಅಗ್ರಕಾರಣ. ತೆರೆದ ಅಂಚು ಎಲ್ಲಿದೆಯೋ ಅಲ್ಲಿ, ಕೆಲಸಗಾರನು ಮೇಲೇರುವ ಮೊದಲೇ, ಎದೆಯ ಮಟ್ಟಕ್ಕೊಂದು ಮೊಣಕಾಲ ಮಟ್ಟಕ್ಕೊಂದು ಅಡ್ಡಗಳುವನ್ನು ಬಿಗಿಯಬೇಕು. ಮೆಟ್ಟಿಲಿಗೂ ಯಂತ್ರದ ಏಣಿಗೂ ಬಿಟ್ಟ ಬಾಯಿಗಳನ್ನು ಗಟ್ಟಿ ಹಲಗೆಯಿಂದ ಮುಚ್ಚಿ, ಆ ಹಲಗೆಯು ಸರಿಯದಂತೆ ಮೊಳೆ ಹೊಡೆಯಬೇಕು. ಉತ್ತರ ಭಾಗದವರು ಪರಂಚಿಯೆಂದು ಕರೆಯುವ ಸಾರವೆಗೆ ಒಂದೇ ಹಲಗೆ ಹಾಕಿ ತಂತಿಯ ಮೇಲಿನ ನಟನಂತೆ ಗೌಂಡಿಯನ್ನು ನಿಲ್ಲಿಸದೆ, ಅಗಲವಾದ ಹಾಸು, ಗೋಡೆಗೆ ಬಿಗಿತ, ಕಾಲ ಕೆಳಗೆ ಗಟ್ಟಿ ನೆಲೆ ಇವನ್ನು ಒದಗಿಸಬೇಕು. ಇವು ಸಾಧ್ಯವಿಲ್ಲದ ಎಡೆಯಲ್ಲಿ ಮೈಗೆ ಕಟ್ಟುವ ಪಟ್ಟಿ. ಆ ಪಟ್ಟಿಯ ಹಗ್ಗವನ್ನು ಕಟ್ಟಲು ಅಲುಗದ ಒಂದು ಆಧಾರ. ಪಟ್ಟಿಯನ್ನು ಕೊಟ್ಟು ಕಟ್ಟಲು ಜಾಗ ತೋರಿಸದಿರುವುದು ಕೊಡವನ್ನು ಕೊಟ್ಟು ಬಾವಿಯನ್ನು ಮುಚ್ಚಿದಂತೆ.

ಎರಡನೆಯದು ಮಣ್ಣು ಕುಸಿಯುವುದು. ಒಂದು ಘನಮೀಟರು ಮಣ್ಣು ಸುಮಾರು ಒಂದೂವರೆ ಟನ್ನು ತೂಗುತ್ತದೆ. ಎದೆಯವರೆಗೆ ಹೂತವನು ಒಂದೊಂದು ಉಸಿರು ಬಿಟ್ಟಾಗಲೂ ಮಣ್ಣು ಮತ್ತಷ್ಟು ಬಿಗಿಯುತ್ತದೆ. ತಲೆ ಹೊರಗಿದ್ದರೂ ಅವನು ಉಸಿರುಕಟ್ಟಿ ಸಾಯಬಹುದು. ಒಂದೂವರೆ ಮೀಟರಿಗಿಂತ ಆಳವಾದ ಪಾಯದ ಅಗೆತಕ್ಕೆ ಪಕ್ಕಗಳನ್ನು ಇಳಿಜಾರಾಗಿ ತೆಗೆಯಬೇಕು, ಇಲ್ಲವೆ ಹಲಗೆ ಮತ್ತು ಅಡ್ಡತೊಲೆಗಳಿಂದ ಆನಿಸಬೇಕು. ಅಗೆದ ಮಣ್ಣನ್ನು ಅಂಚಿನಲ್ಲಿಯೇ ರಾಶಿಹಾಕಬಾರದು. ಹತ್ತಿ ಬರಲು ಏಣಿಯು ಹತ್ತಿರದಲ್ಲಿರಬೇಕು. ಎರೆಯ ಭೂಮಿಯ ಜನರಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವ ಆ ಮಣ್ಣನ್ನು ನಿನ್ನೆ ನಿಂತಿತ್ತೆಂದು ಇಂದು ನಂಬಲಾಗದು. ಮಳೆ ಬಿದ್ದ ಮರುದಿನ, ನೋಡದೆ ಯಾರನ್ನೂ ಒಳಗಿಳಿಸಬಾರದು.

ಮೂರನೆಯದು ಸೆಂಟ್ರಿಂಗು ಕುಸಿಯುವುದು. ಹಸಿಯ ಚಾವಣಿಯು ತನ್ನ ಭಾರವನ್ನು ತಾನು ಹೊರಲಾರದು. ಕೆಳಗಿನ ಕಂಬಗಳೇ ಅದರ ಕಾಲುಗಳು. ಕಂಬಗಳನ್ನು ಓರೆಯಾಗಿ, ಇಟ್ಟಿಗೆಯ ಚೂರುಗಳ ಮೇಲೆ, ಅಡ್ಡಬಿಗಿತವಿಲ್ಲದೆ ನಿಲ್ಲಿಸುವುದು ಮೊದಲ ದೋಷ; ಬಾಡಿಗೆ ಉಳಿಸಲು ಅವನ್ನು ಬೇಗನೆ ಕೀಳುವುದು ಎರಡನೆಯ ದೋಷ. ಭಾರತೀಯ ಮಾನಕ ಸಂಸ್ಥೆಯ ಕಾಂಕ್ರೀಟು ಸಂಹಿತೆಯ ೨೦೦೦ನೆಯ ಇಸವಿಯ ಆವೃತ್ತಿಯಲ್ಲಿ ಸಾಧಾರಣ ಸಿಮೆಂಟಿಗೆ ಕಡಮೆಯೆಂದರೆ ಎಷ್ಟು ದಿನವೆಂಬುದನ್ನು ನಮೂದಿಸಿದೆ. ನಾಲ್ಕೂವರೆ ಮೀಟರಿನ ವರೆಗಿನ ಅಂತರದ ಚಾವಣಿಗೆ ಕಂಬಗಳು ೭ ದಿನ, ಅದಕ್ಕೆ ಮೀರಿದುದಕ್ಕೆ ೧೪ ದಿನ. ೬ ಮೀಟರಿನ ವರೆಗಿನ ತೊಲೆಗೆ ೧೪ ದಿನ, ಮೀರಿದುದಕ್ಕೆ ೨೧ ದಿನ ನಿಂತಿರಬೇಕು. ಈ ನಾಲ್ಕು ಅಂಕೆಗಳನ್ನು ಮನೆ ಕಟ್ಟಿಸುವ ಪ್ರತಿಯೊಬ್ಬನೂ ಕಂಠಪಾಠ ಮಾಡಿಕೊಳ್ಳತಕ್ಕುದು.

ನಾಲ್ಕನೆಯದು ವಿದ್ಯುತ್ತು. ರಸ್ತೆಯ ಪಕ್ಕದಲ್ಲಿ ಹಾದುಹೋಗುವ ೧೧,೦೦೦ ವೋಲ್ಟಿನ ತಂತಿಗೆ ಕೈಯಲ್ಲಿರುವ ಕಬ್ಬಿಣದ ಸರಳು ತಗಲಿದರೆ, ಕೆಲವೊಮ್ಮೆ ಹತ್ತಿರ ಹೋದರೂ ಸಾಕು, ಹಿಡಿದವನು ಉಳಿಯುವುದು ಕಷ್ಟ. ಕೆಲಸ ಮೊದಲಾಗುವ ಮುನ್ನ ವಿದ್ಯುತ್ ಇಲಾಖೆಯವರಿಗೆ ತಿಳಿಸಿ ತಂತಿಯನ್ನು ಸರಿಸಬೇಕು, ಇಲ್ಲವೆ ಪ್ರವಾಹವನ್ನು ನಿಲ್ಲಿಸಿಸಬೇಕು. ನೀರು ಹಾಯಿಸುವ ಯಂತ್ರ, ಕಾಂಕ್ರೀಟು ಅದುಮುವ ಯಂತ್ರ ಇವುಗಳ ಹರಿದ ತಂತಿಯು ಹಸಿನೆಲದಲ್ಲಿ ಹಾವಿಗಿಂತ ಕೆಟ್ಟದು. ೩೦ ಮಿಲಿ ಆಂಪಿಯರಿನಷ್ಟು ಸೋರಿಕೆಗೆ ತಾನಾಗಿ ಪ್ರವಾಹವನ್ನು ಕಡಿಯುವ ಸಲಕರಣೆಯು ಪೇಟೆಯಲ್ಲಿ ದೊರೆಯುತ್ತದೆ. ಅದಿಲ್ಲದೆ ಯಾವ ಯಂತ್ರವನ್ನೂ ನಡೆಸಬಾರದು.

ಐದನೆಯದು ಮೇಲಿಂದ ಬೀಳುವ ವಸ್ತು ಮತ್ತು ಹಾಯುವ ವಾಹನ. ಇಟ್ಟಿಗೆಯೊಂದು ತಲೆಯ ಮೇಲೆ ಬಿದ್ದಾಗ ಶಿರಸ್ತ್ರಾಣವು ಕಾಪಾಡುತ್ತದೆ. ಆದರೆ ಎಲ್ಲವನ್ನೂ ಶಿರಸ್ತ್ರಾಣಕ್ಕೆ ಬಿಡುವುದು ತಲೆಕೆಳಗಾದ ಕ್ರಮ. ಅಪಾಯವೇ ಇಲ್ಲದಂತೆ ಕೆಲಸವನ್ನು ಯೋಜಿಸುವುದು ಮೊದಲು. ಅದು ಆಗದಿದ್ದರೆ ಅಪಾಯಕ್ಕೂ ಮನುಷ್ಯನಿಗೂ ನಡುವೆ ತಡೆಯನ್ನಿಡುವುದು. ಆಮೇಲೆ ನಿಯಮ ಮತ್ತು ತಿಳುವಳಿಕೆ. ಕೊನೆಯಲ್ಲಿ ಮೈಮೇಲಿನ ರಕ್ಷೆ. ಲೋಕದಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಅಗ್ಗದ ಟೊಪ್ಪಿಗೆಯೊಂದನ್ನು ಹಂಚಿ, ಛಾಯಾಚಿತ್ರ ತೆಗೆಸಿ, ತೆರೆದ ಅಂಚನ್ನು ತೆರೆದೇ ಬಿಡುವವರುಂಟು.

ಕೆಲಸದ ಸ್ಥಳದಲ್ಲಿಯೇ ಗುಡಿಸಲು ಕಟ್ಟಿಕೊಂಡಿರುವ ಸಂಸಾರಗಳ ಮಕ್ಕಳನ್ನೂ ಮರೆಯಲಾಗದು. ತಾಯಿ ಬಾಣಲಿ ಹೊರುತ್ತಿರುವಾಗ ಮಗುವು ಮರಳಿನ ರಾಶಿಯಲ್ಲಿ ಆಡುತ್ತಿರುತ್ತದೆ. ಹತ್ತಿರದಲ್ಲಿಯೇ ನೀರು ತುಂಬಿದ ಸಂಪು ಬಾಯ್ದೆರೆದಿರುತ್ತದೆ. ಒಂದು ಮುಚ್ಚಳ, ಒಂದು ಬೇಲಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹಿರಿಯಳು ಇದ್ದರೆ ಸಾಕಾಗುತ್ತದೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಸುಮಾರು ಮೂರು ಸಾವಿರದ ಏಳುನೂರು ವರ್ಷಗಳ ಹಿಂದೆ ಬಾಬಿಲೋನಿಯದ ಹಮ್ಮುರಬಿ ದೊರೆಯು, ಮನೆ ಕುಸಿದು ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆಯೆಂದು ಶಾಸನ ಮಾಡಿದನು. ಕಟ್ಟುವಾಗ ಬಿದ್ದು ಸತ್ತ ಕೂಲಿಯವನ ಮಾತು ಆ ವಿಧಿಗಳಲ್ಲಿಲ್ಲ. ಭಾರತದಲ್ಲಿ ೧೯೨೩ರಲ್ಲಿ ಕೆಲಸಗಾರರ ನಷ್ಟಪರಿಹಾರದ ಕಾಯಿದೆ ಬಂದಿತು. ಆದರೆ ಪರಿಹಾರವು ಮರಣದ ನಂತರದ ಮಾತು. ಕಟ್ಟಡ ಕಾರ್ಮಿಕರಿಗಾಗಿಯೇ ಸುರಕ್ಷತೆಯ ಕಾಯಿದೆ ೧೯೯೬ರಲ್ಲಿ ಆಯಿತು. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದಕ್ಕೆ ಕಡಮೆಯಿಲ್ಲದ ಕರವನ್ನು ವಸೂಲುಮಾಡಿ ಅವರ ಕಲ್ಯಾಣಕ್ಕೆ ಬಳಸುವ ಏರ್ಪಾಡೂ ಆಗ ಬಂದಿತು. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿಸುರಕ್ಷತೆಯ ಸಂಹಿತೆಯು ೨೦೨೫ರ ನವೆಂಬರ ತಿಂಗಳಲ್ಲಿ ಜಾರಿಗೆ ಬಂದು ಆ ಸುರಕ್ಷತೆಯ ಕಾಯಿದೆಯ ಸ್ಥಾನವನ್ನು ಪಡೆಯಿತು. ೧೯೯೬ರ ಕಾಯಿದೆಯು ಹತ್ತು ಅಥವಾ ಹೆಚ್ಚು ಜನರು ದುಡಿಯುವ ಕೆಲಸಗಳಿಗೆ ಮಾತ್ರ ಅನ್ವಯಿಸುವಂತಿತ್ತು. ಐದಾರು ಜನರಿಂದ ನಡೆಯುವ ಚಿಕ್ಕ ಮನೆಯ ಕೆಲಸಕ್ಕೆ ಇನ್‌ಸ್ಪೆಕ್ಟರನು ಬರುವುದು ವಿರಳ. ಅಲ್ಲಿ ಕಟ್ಟಿಸುವವನ ಅಂತಃಕರಣವೇ ಇನ್‌ಸ್ಪೆಕ್ಟರನಾಗಬೇಕು.

ಕಟ್ಟಿಸುವವನು ಗುತ್ತಿಗೆದಾರನ ಕಡೆಗೆ, ಗುತ್ತಿಗೆದಾರನು ಮೇಸ್ತ್ರಿಯ ಕಡೆಗೆ, ಮೇಸ್ತ್ರಿಯು ಸತ್ತವನ ಕಡೆಗೆ ಬೆರಳು ತೋರಿಸುವುದು ಹಳೆಯ ಪದ್ಧತಿ. ಇಂಗ್ಲೆಂಡಿನಲ್ಲಿ ೧೯೯೪ರ ನಿಯಮಗಳು ಈ ಪದ್ಧತಿಯನ್ನು ಮುರಿದು, ಕಟ್ಟಿಸುವವನ ಮೇಲೆಯೂ ನಕ್ಷೆ ಬರೆಯುವವನ ಮೇಲೆಯೂ ಹೊಣೆಯನ್ನು ಹೊರಿಸಿದವು. ೨೦೧೨ರ ಒಲಿಂಪಿಕ್ ಕ್ರೀಡೆಗಳಿಗಾಗಿ ಲಂಡನ್ ನಗರದಲ್ಲಿ ಒಲಿಂಪಿಕ್ ಉದ್ಯಾನವನ್ನೂ ಮಹಾಕ್ರೀಡಾಂಗಣವನ್ನೂ ಕಟ್ಟುವಾಗ ಸಾವಿರಾರು ಜನರು ವರ್ಷಗಟ್ಟಲೆ ದುಡಿದರು; ಅಪಘಾತದಿಂದ ಒಬ್ಬನೂ ಸಾಯಲಿಲ್ಲ. ದೊಡ್ಡ ಕೆಲಸಕ್ಕೆ ಬಲಿ ಅನಿವಾರ್ಯವೆಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಇನ್ನು ಈ ಸಭೆಯ ಮುಂದೆ ಇಡತಕ್ಕ ಬಿನ್ನಹಗಳು ಮೂರು. ಒಂದು: ಸಂಸ್ಥೆಯದಾಗಲಿ, ಸ್ವಂತದ್ದಾಗಲಿ, ಮುಂದಿನ ಕಟ್ಟಡದ ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣ, ಮರಳುಗಳ ಸಾಲಿನಲ್ಲಿಯೇ ಕೆಲಸಗಾರರ ರಕ್ಷಣೆಯೆಂಬ ಒಂದು ಬಾಬನ್ನು ಬೇರೆಯಾಗಿ ಬರೆಯಿರಿ. ಆ ಬಾಬು ಬೇರೆಯಿಲ್ಲದಿದ್ದರೆ, ಕಡಮೆ ದರದ ಗುತ್ತಿಗೆದಾರನು ಉಳಿತಾಯ ಮಾಡುವ ಮೊದಲ ವಸ್ತು ಅದೇ ಆಗುತ್ತದೆ. ಎರಡು: ಅಡಿಗಲ್ಲಿನ ದಿನ, ಅಪಾಯ ಕಂಡಾಗ ಯಾರಾದರೂ ಕೆಲಸವನ್ನು ನಿಲ್ಲಿಸಬಹುದು, ನಿಲ್ಲಿಸಿದವನ ಕೂಲಿಯನ್ನು ಮುರಿಯುವುದಿಲ್ಲವೆಂದು ಎಲ್ಲ ಕೆಲಸಗಾರರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಯಜಮಾನನೇ ಹೇಳಲಿ. ಮೂರು: ಮುಹೂರ್ತವನ್ನು ಕಾಂಕ್ರೀಟಿನ ದಿನಗಳನ್ನು ಲೆಕ್ಕಹಾಕಿದ ಮೇಲೆ ಇಡಿಸಿರಿ. ಪುರೋಹಿತರನ್ನಾಗಲಿ ಜಂಗಮರನ್ನಾಗಲಿ ಕೇಳಿದರೆ ಇನ್ನೊಂದು ಒಳ್ಳೆಯ ದಿನವು ದೊರೆಯುತ್ತದೆ; ಹೋದ ಪ್ರಾಣವು ದೊರೆಯುವುದಿಲ್ಲ.

ತರುಣ ವಿದ್ಯಾರ್ಥಿಗಳಲ್ಲಿ ನಾಳೆ ಎಂಜಿನಿಯರಾಗುವವರುಂಟು. ಅವರಲ್ಲಿ ಹಲವರ ತಂದೆತಾಯಿಗಳು ಇಂದು ಯಾವುದೋ ಊರಿನ ಯಾವುದೋ ಸಾರವೆಯ ಮೇಲಿದ್ದು ದುಡಿದ ಹಣದಿಂದಲೇ ಅವರ ಓದು ಸಾಗಿರಬಹುದು. ನಕ್ಷೆಯಲ್ಲಿ ಒಂದು ಗೆರೆಯನ್ನೆಳೆಯುವಾಗ, ಆ ಗೆರೆಯ ಅಂಚಿನಲ್ಲಿ ನಿಲ್ಲುವವನು ಯಾರೆಂದು ಅವರು ಒಮ್ಮೆ ನೆನೆಯಲಿ. ಈ ಮಠದ ನೆರಳಿನಲ್ಲಿ ಮುಂದೆ ಏಳುವ ಗೋಡೆಗಳೆಲ್ಲವೂ, ಅವನ್ನೆತ್ತಿದವರು ಸಂಜೆಗೆ ಮನೆ ಸೇರಿದರೆಂದು ನಿಸ್ಸಂಕೋಚವಾಗಿ ಹೇಳಬಲ್ಲ ಗೋಡೆಗಳಾಗಲಿ.